ಮೇನ್ ನೌಕೆಯ ಸ್ಫೋಟ, ಪೀತ ಪತ್ರಿಕೋದ್ಯಮ ಮತ್ತು 1898ರ ಯುದ್ಧ

1898ರ ಸ್ಪೇನ್-ಅಮೆರಿಕ ಯುದ್ಧವನ್ನು ಪತ್ರಿಕೆಗಳೇ ಹುಟ್ಟುಹಾಕಿದವು ಎಂಬ ಮಾತನ್ನು ನಾವು ಅನೇಕ ಕಡೆ ಓದುತ್ತೇವೆ. ಅದನ್ನು ಹಾಗೆಯೇ ಒಪ್ಪಿಬಿಡುವ ಮೊದಲು ಸ್ವಲ್ಪ ನಿಧಾನಿಸಬೇಕು. ಮೇನ್ ಎಂಬ ಅಮೆರಿಕದ ಯುದ್ಧನೌಕೆಯ ಸ್ಫೋಟದ ತನಿಖೆ ಮುಗಿಯುವುದಕ್ಕೆ ಮೊದಲೇ ತೀರ್ಪು ಕೊಟ್ಟು, ಕಾದು ನೋಡಬೇಕೆನ್ನುವವರ ಮಾತಿಗೆ ಬೆಲೆಯೇ ಇಲ್ಲದಂತೆ ಮಾಡಿದ್ದು ಆ ಪತ್ರಿಕೆಗಳ ನಿಜವಾದ ಪಾತ್ರ ಎಂದು ನಾನು ತಿಳಿದಿದ್ದೇನೆ.

ಸ್ಪೇನಿನ ವಸಾಹತಾಗಿದ್ದ ಕ್ಯೂಬಾದಲ್ಲಿ 1895ರ ಫೆಬ್ರುವರಿಯಲ್ಲಿ ಸ್ವಾತಂತ್ರ್ಯಕ್ಕಾಗಿ ದಂಗೆ ಆರಂಭವಾಯಿತು. ಮರುವರ್ಷ ಬಂದ ಸ್ಪೇನಿನ ಜನರಲ್ ವೇಲರ್ ಹಳ್ಳಿಗರನ್ನು ಬಲವಂತವಾಗಿ ಎಬ್ಬಿಸಿ ಕಾವಲಿನ ಪಟ್ಟಣಗಳಲ್ಲಿ ಕೂಡಿಹಾಕಿಸಿದರು. ಹಸಿವು ಮತ್ತು ರೋಗಗಳಿಗೆ ಲಕ್ಷಕ್ಕೂ ಹೆಚ್ಚು ಜನ ಬಲಿಯಾದರು. ಈ ಸಂಕಟ ಯಾವ ಪತ್ರಿಕೆಯೂ ಕಟ್ಟಿದ ಕಥೆಯಲ್ಲ, ಇದನ್ನು ಮರೆಯಬಾರದು. ಇದೇ ಕಾಲದಲ್ಲಿ ನ್ಯೂಯಾರ್ಕಿನಲ್ಲಿ ಜೋಸೆಫ್ ಪುಲಿಟ್ಜರ್ ಅವರ ‘ವರ್ಲ್ಡ್’ ಪತ್ರಿಕೆಗೂ, ವಿಲಿಯಂ ರ‍್ಯಾಂಡಾಲ್ಫ್ ಹರ್ಸ್ಟ್ 1895ರಲ್ಲಿ ಕೊಂಡುಕೊಂಡ ‘ಜರ್ನಲ್’ಗೂ ಒಂದು ಸೆಂಟ್ ಬೆಲೆಗೆ ಮಾರಿ ಓದುಗರನ್ನು ಸೆಳೆಯುವ ಪೈಪೋಟಿ ನಡೆದಿತ್ತು. ಸುದ್ದಿಯನ್ನು ಹೀಗೆ ಉತ್ಪ್ರೇಕ್ಷಿಸಿ ಮಾರುವ ರೀತಿಯನ್ನೇ ಪೀತ ಪತ್ರಿಕೋದ್ಯಮ ಎನ್ನುತ್ತಾರೆ.

ಆ ಪೈಪೋಟಿ ನಿಜವನ್ನು ಹೇಗೆ ತಿರುಚಿತು ಎಂಬುದಕ್ಕೆ 1897ರ ಒಂದು ಪ್ರಸಂಗವನ್ನು ಹತ್ತಿರದಿಂದ ನೋಡೋಣ. ಹವಾನಾದಿಂದ ಹೊರಟ ಆಲಿವೆಟ್ ಎಂಬ ಅಮೆರಿಕನ್ ಹಡಗಿನಲ್ಲಿ ಕ್ಯೂಬಾದ ಯುವತಿಯರನ್ನು ಸ್ಪೇನಿನ ಅಧಿಕಾರಿಗಳು ಶೋಧಿಸಿದರೆಂದು ರಿಚರ್ಡ್ ಹಾರ್ಡಿಂಗ್ ಡೇವಿಸ್ ‘ಜರ್ನಲ್’ಗೆ ವರದಿ ಕಳುಹಿಸಿದರು. ಘಟನೆಯನ್ನು ಕಣ್ಣಾರೆ ಕಾಣದ ಚಿತ್ರಕಾರ ಫ್ರೆಡರಿಕ್ ರೆಮಿಂಗ್ಟನ್, ಬೆತ್ತಲೆಯಾಗಿ ನಿಂತ ಯುವತಿಯ ಸುತ್ತ ಗಂಡಸರು ಬಟ್ಟೆಗಳನ್ನು ಜಾಲಾಡುವಂತೆ ಚಿತ್ರಿಸಿದರು. ಬಳಿಕ ‘ವರ್ಲ್ಡ್’ ಪತ್ರಿಕೆಯೇ ಆ ಯುವತಿಯರನ್ನು ಮಾತನಾಡಿಸಿದಾಗ, ಶೋಧನೆ ನಡೆಸಿದವರು ಹೆಂಗಸರೇ ಎಂಬುದು ಬಯಲಾಯಿತು. ಸುಳ್ಳನ್ನು ಹೊರಗೆಳೆದದ್ದು ಎದುರಾಳಿ ಪತ್ರಿಕೆ ಎಂಬುದು ಗಮನಾರ್ಹ. ಆದರೆ ಓದುಗರ ಮನಸ್ಸಿನಲ್ಲಿ ಒಮ್ಮೆ ಅಚ್ಚೊತ್ತಿದ ಚಿತ್ರವನ್ನು ತಿದ್ದುಪಡಿಯೊಂದು ಅಳಿಸಲಾರದು. ನೀವು ಚಿತ್ರ ಒದಗಿಸಿ, ಯುದ್ಧವನ್ನು ನಾನು ಒದಗಿಸುತ್ತೇನೆ ಎಂದು ಹರ್ಸ್ಟ್ ಇದೇ ರೆಮಿಂಗ್ಟನ್‌ಗೆ ತಂತಿ ಕಳುಹಿಸಿದರೆಂಬ ಪ್ರಸಿದ್ಧ ಮಾತನ್ನು ಮಾತ್ರ ಸಾಕ್ಷ್ಯವಾಗಿ ಬಳಸಬೇಡಿ: ಅದು 1901ರಲ್ಲಿ ಪತ್ರಕರ್ತ ಜೇಮ್ಸ್ ಕ್ರೀಲ್‌ಮನ್ ಬರೆದ ನೆನಪುಗಳಿಂದ ಬಂದದ್ದು, ಆ ತಂತಿ ಸಿಕ್ಕಿಲ್ಲ, ಹರ್ಸ್ಟ್ ಅದನ್ನು ಅಲ್ಲಗಳೆದಿದ್ದರು.

1898ರ ಫೆಬ್ರುವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಮೇನ್ ಸ್ಫೋಟಗೊಂಡು 260ಕ್ಕೂ ಹೆಚ್ಚು ನಾವಿಕರು ಸತ್ತರು. ಮುಂದಿನ ವರದಿ ಬರುವವರೆಗೆ ಜನ ಯಾವ ಅಭಿಪ್ರಾಯಕ್ಕೂ ಬರಬಾರದು ಎಂದು ನೌಕೆಯ ಕ್ಯಾಪ್ಟನ್ ಸಿಗ್ಸ್‌ಬೀ ಆ ರಾತ್ರಿಯೇ ತಂತಿ ಕಳುಹಿಸಿದರು. ಸಾವನ್ನು ಕಣ್ಣಾರೆ ಕಂಡ ವ್ಯಕ್ತಿಯ ಈ ಸಂಯಮದ ಮುಂದೆ ಫೆಬ್ರುವರಿ 17ರ ‘ಜರ್ನಲ್’ ಮುಖಪುಟವನ್ನಿಟ್ಟು ನೋಡಬೇಕು. ಇದು ಶತ್ರುವಿನ ಕೃತ್ಯ ಎಂಬ ದಪ್ಪ ಅಕ್ಷರದ ಶೀರ್ಷಿಕೆ, ತಪ್ಪಿತಸ್ಥರನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ, ಹಡಗಿನ ಅಡಿಯಲ್ಲಿ ಸ್ಫೋಟಕವನ್ನೂ ಅದರಿಂದ ದಡಕ್ಕೆ ಹೋಗುವ ತಂತಿಗಳನ್ನೂ ತೋರಿಸುವ ಚಿತ್ರ ಅಲ್ಲಿದ್ದವು. ಆಗಿನ್ನೂ ಕಾರಣ ಯಾರಿಗೂ ಗೊತ್ತಿರಲಿಲ್ಲ.

ಹಾಗೆಂದು ಅಧ್ಯಕ್ಷ ಮೆಕಿನ್ಲಿ ಶೀರ್ಷಿಕೆಗಳನ್ನು ಓದಿ ಯುದ್ಧಕ್ಕೆ ಹೊರಟರೆನ್ನಲಾಗದು. ಕ್ಯೂಬಾಕ್ಕೆ ಹೋಗಿ ಬಂದ ಸೆನೆಟರ್ ರೆಡ್‌ಫೀಲ್ಡ್ ಪ್ರಾಕ್ಟರ್ ಮಾರ್ಚ್ 17ರಂದು ಅಲ್ಲಿನ ನರಳಾಟವನ್ನು ಶಾಂತ ಸ್ವರದಲ್ಲಿ ವಿವರಿಸಿದ್ದು ಹಿಂಜರಿಯುತ್ತಿದ್ದ ಅನೇಕರ ಮನಸ್ಸನ್ನು ಬದಲಿಸಿತು. ವ್ಯಾಪಾರದ ಹಿತಾಸಕ್ತಿ, ಪಕ್ಷ ರಾಜಕೀಯಗಳೂ ಇದ್ದವು.

ಸ್ಫೋಟ ಹೊರಗಿನಿಂದ ಆಯಿತೆಂದು ನೌಕಾಪಡೆಯ ತನಿಖಾ ಮಂಡಳಿ ಮಾರ್ಚ್ ಕೊನೆಯಲ್ಲಿ ಹೇಳಿತಾದರೂ ಯಾರನ್ನೂ ಹೊಣೆ ಮಾಡಲಿಲ್ಲ. ಆರು ವಾರ ಸ್ಪೇನಿನತ್ತಲೇ ಬೆರಳು ತೋರಿದ್ದ ಮುಖಪುಟಗಳನ್ನು ಓದಿದ್ದ ಜನರಿಗೆ ಆ ಮೌನ ಕೇಳಿಸಲೇ ಇಲ್ಲ. ಏಪ್ರಿಲ್ 25ರಂದು ಕಾಂಗ್ರೆಸ್ ಯುದ್ಧ ಘೋಷಿಸಿತು. 1976ರಲ್ಲಿ ಅಡ್ಮಿರಲ್ ರಿಕೋವರ್ ಅವರ ಅಧ್ಯಯನ, ಹಡಗಿನೊಳಗಿನ ಕಲ್ಲಿದ್ದಲಿಗೆ ಬೆಂಕಿ ಹತ್ತಿ ಅದು ಪಕ್ಕದ ಮದ್ದುಗುಂಡಿನ ಕೋಣೆಗೆ ತಗುಲಿರುವ ಸಾಧ್ಯತೆಯೇ ಹೆಚ್ಚು ಎಂಬ ತೀರ್ಮಾನಕ್ಕೆ ಬಂದಿತು.