ನರ ಹಿಡಿದ ದಾರಿ

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಕಡೆಯಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಸೊಟ್ಟಗಾಗಿದೆ. ಒಂದು ಕಣ್ಣು ಮುಚ್ಚಲು ಬರುತ್ತಿಲ್ಲ. ಲಕ್ವ ಹೊಡೆಯಿತು ಅಂತ ಮನೆಯವರೆಲ್ಲ ಗಾಬರಿ. ಆಸ್ಪತ್ರೆಗೆ ಓಡಿದರೆ ವೈದ್ಯರು ಮೊದಲು ಕೇಳುವ ಮಾತುಗಳಲ್ಲಿ ಒಂದು ತೀರಾ ಸಾದಾ: ‘ಹುಬ್ಬು ಮೇಲಕ್ಕೆತ್ತಿ ನೋಡೋಣ.’

ಹಣೆಯ ಎರಡೂ ಕಡೆ ನೆರಿಗೆ ಬಿದ್ದರೆ ಅವರಿಗೆ ಚಿಂತೆ ಜಾಸ್ತಿ. ಸೊಟ್ಟಗಾದ ಕಡೆ ಹಣೆಯೂ ನುಣ್ಣಗೆ ಉಳಿದರೆ ತುಸು ಸಮಾಧಾನ. ಲೆಕ್ಕ ತಲೆಕೆಳಗಾಗಿದೆ ಅನ್ನಿಸುತ್ತದೆ, ಅಲ್ವಾ? ಮುಖ ಅರ್ಧಕ್ಕರ್ಧ ಕೆಟ್ಟವರಿಗಿಂತ ಬರೀ ಬಾಯಿ ಕೆಟ್ಟವರ ಬಗ್ಗೆ ಯಾಕೆ ಹೆಚ್ಚು ಭಯ?

ಉತ್ತರ ಇರುವುದು ವೈರಿಂಗ್‌ನಲ್ಲಿ. ಮುಖದ ಕೆಳಭಾಗಕ್ಕೆ ಅಪ್ಪಣೆ ಬರುವುದು ಮಿದುಳಿನ ಎದುರು ಬದಿಯಿಂದ ಮಾತ್ರ. ಹಣೆಗೆ ಹಾಗಲ್ಲ, ಎರಡೂ ಬದಿಗಳಿಂದ ಬರುತ್ತದೆ. ಸ್ಟ್ರೋಕ್ ಆಗಿ ಮಿದುಳಿನ ಒಂದು ಬದಿ ಕೆಟ್ಟರೂ ಇನ್ನೊಂದು ಬದಿ ಹಣೆಯನ್ನು ನಡೆಸಿಕೊಂಡು ಹೋಗುತ್ತದೆ. ಆದರೆ ಮಿದುಳಿನಿಂದ ಹೊರಟುಬಂದ ನರವೇ ಪೆಟ್ಟು ತಿಂದರೆ ಹಣೆ, ಕಣ್ಣು, ಬಾಯಿ ಎಲ್ಲ ಒಟ್ಟಿಗೆ ಮಲಗುತ್ತವೆ. ಎರಡನೆಯದು ಬಹುತೇಕ ಬೆಲ್ಸ್ ಪಾಲ್ಸಿ. ಈ ಲೆಕ್ಕಕ್ಕೂ ಅಪವಾದಗಳಿವೆ. ಹಾಗಾಗಿ ಕನ್ನಡಿ ಮುಂದೆ ಹುಬ್ಬೆತ್ತಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಮುಖ ಇದ್ದಕ್ಕಿದ್ದಂತೆ ಸೊಟ್ಟಗಾದರೆ ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಈ ಮುಖದ ನರ ಹನ್ನೆರಡು ಜೋಡಿ ಕಪಾಲ ನರಗಳಲ್ಲಿ ಏಳನೆಯದು. ಕೈಕಾಲಿನ ನರಗಳು ಬೆನ್ನುಹುರಿಯಿಂದ ಹೊರಡುತ್ತವೆ. ಇವು ಮಿದುಳಿನಿಂದಲೇ ಹೊರಟು ತಲೆಬುರುಡೆಯ ತೂತುಗಳಲ್ಲಿ ನುಸುಳಿ ಆಚೆ ಬರುತ್ತವೆ. ಮೊದಲೆರಡನ್ನು ಮತ್ತು ಹನ್ನೊಂದನೆಯದನ್ನು ಬಿಟ್ಟರೆ ಉಳಿದವುಗಳ ತವರು ಹೆಚ್ಚುಕಡಿಮೆ ಹೆಬ್ಬೆರಳಿನಷ್ಟಿರುವ ಮಿದುಳುಕಾಂಡ. ಇವು ಎಷ್ಟಿವೆ ಅನ್ನುವುದೇ ಶತಮಾನಗಳ ಕಾಲ ತೀರ್ಮಾನವಾಗಿರಲಿಲ್ಲ. ಪ್ರಾಚೀನ ರೋಮಿನ ವೈದ್ಯ ಗ್ಯಾಲೆನ್ ಏಳು ಜೋಡಿ ಎಂದ. 1664ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಒಂಬತ್ತು ಎಣಿಸಿದ. ಇವತ್ತು ನಾವು ಬಳಸುವ ಹನ್ನೆರಡರ ಪಟ್ಟಿ 1778ರಲ್ಲಿ ಜರ್ಮನಿಯ ಅಂಗರಚನಾ ತಜ್ಞ ಸ್ಯಾಮ್ಯುಯೆಲ್ ಸೋಮರಿಂಗ್ ಕೊಟ್ಟದ್ದು. ವೈದ್ಯಕೀಯ ವಿದ್ಯಾರ್ಥಿಗಳು ಈ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ. ನನಗೆ ಕೇಳಿದರೆ ಹೆಸರಿಗಿಂತ ಪ್ರತಿ ನರ ಯಾವ ದಾರಿ ಹಿಡಿದು ಹೋಗುತ್ತದೆ ಅನ್ನುವುದರಲ್ಲೇ ಸ್ವಾರಸ್ಯ ಇರುವುದು. ಕಾಯಿಲೆ ಹೊಂಚು ಹಾಕಿ ಕೂರುವುದು ಆ ದಾರಿಯಲ್ಲೇ.

ಮುಖದ ನರವನ್ನೇ ನೋಡಿ. ಕಿವಿಯ ಹಿಂದಿನ ಗಟ್ಟಿ ಮೂಳೆಯೊಳಗೆ ಕೊರೆದ ಒಂದು ಸುರಂಗದಲ್ಲಿ ಅದು ತಿರುವು ಹಾಕುತ್ತಾ ಸಾಗುತ್ತದೆ. ಸುರಂಗದ ಉದ್ದ ಸುಮಾರು 3 ಸೆಂಟಿಮೀಟರ್. ತೀರಾ ಇಕ್ಕಟ್ಟಿನ ಜಾಗದಲ್ಲಿ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ. ಬೆಲ್ಸ್ ಪಾಲ್ಸಿಯಲ್ಲಿ ನರ ಊದಿಕೊಳ್ಳುತ್ತದೆ. ಹರ್ಪಿಸ್ ಜಾತಿಯ ವೈರಸ್ಸು ಇದಕ್ಕೆ ಕಾರಣ ಎಂಬ ಗುಮಾನಿ ಬಲವಾಗಿದೆ. ಸುತ್ತ ಮೂಳೆ, ಊದಲು ಜಾಗ ಇಲ್ಲ. ತನ್ನ ಊತಕ್ಕೆ ತಾನೇ ಹಿಸುಕಿಕೊಳ್ಳುತ್ತದೆ. ಅದಕ್ಕೇ 72 ಗಂಟೆಯೊಳಗೆ ಸ್ಟೀರಾಯ್ಡ್ ಶುರುಮಾಡಬೇಕು ಅನ್ನುವುದು.

ಇದೇ ಸುರಂಗದಲ್ಲಿ ನರ ಇನ್ನೂ ಕೆಲವು ಕವಲುಗಳನ್ನು ಬಿಟ್ಟುಕೊಡುತ್ತದೆ. ಒಂದು ಕವಲು ನಾಲಗೆಯ ಮುಂಭಾಗದ ರುಚಿಯನ್ನು ಹೊತ್ತು ತರುತ್ತದೆ. ಇನ್ನೊಂದು ಕಿವಿಯೊಳಗಿನ ಪುಟಾಣಿ ಸ್ನಾಯುವಿಗೆ ಹೋಗುತ್ತದೆ. ಜೋರು ಸದ್ದು ಬಂದಾಗ ಅದನ್ನು ತಗ್ಗಿಸುವುದು ಆ ಸ್ನಾಯುವಿನ ಕೆಲಸ. ಹಾಗಾಗಿ ಬಾಯಿ ಸೊಟ್ಟಗಾದವರು ‘ಊಟ ಸಪ್ಪೆ, ಪಾತ್ರೆ ಸದ್ದು ಕಿವಿಗೆ ಹೊಡೆದ ಹಾಗಾಗುತ್ತೆ’ ಅಂದರೆ ಅದು ಸುಮ್ನೆ ಹೇಳುವ ಮಾತಲ್ಲ. ಸುರಂಗದ ಎಷ್ಟು ಒಳಗೆ ತೊಂದರೆಯಾಗಿದೆ ಎಂಬುದಕ್ಕೆ ಸುಳಿವು.

ಬೆಲ್ಸ್ ಪಾಲ್ಸಿ ಆದ ಹತ್ತು ಜನರಲ್ಲಿ ಸುಮಾರು ಏಳು ಮಂದಿ ಔಷಧಿ ಇಲ್ಲದೆಯೂ ಪೂರ್ತಿ ಸರಿಹೋಗುತ್ತಾರೆ. ಕಣ್ಣು ಮಾತ್ರ ಜೋಪಾನ. ರೆಪ್ಪೆ ಮುಚ್ಚದಿದ್ದರೆ ಕಣ್ಣು ಒಣಗಿ ಗಾಯವಾಗುತ್ತದೆ. ಕೆಲವರಲ್ಲಿ ತಮಾಷೆಯ ಎಡವಟ್ಟೊಂದು ಉಳಿದುಬಿಡುತ್ತದೆ. ಹಾಳಾದ ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ದಾರಿ ತಪ್ಪಿ ಕಣ್ಣೀರಿನ ಗ್ರಂಥಿಗೆ ಹೋಗಿ ಸೇರಿದರೆ? ಊಟಕ್ಕೆ ಕೂತಾಗಲೆಲ್ಲ ಒಂದೇ ಕಣ್ಣಲ್ಲಿ ನೀರು ಸುರಿಯುತ್ತದೆ. ಇದಕ್ಕೆ ಮೊಸಳೆ ಕಣ್ಣೀರು ಅಂತಲೇ ಹೆಸರು.

ಈಗ ಕನ್ನಡಿ ಮುಂದೆ ನಿಂತು ಒಂದು ಕಣ್ಣನ್ನು ಅಂಗೈಯಿಂದ ಹತ್ತು ಸೆಕೆಂಡು ಮುಚ್ಚಿ. ಕೈ ತೆಗೆಯುವಾಗ ತೆರೆದೇ ಇದ್ದ ಕಣ್ಣಿನ ಪಾಪೆ ನೋಡಿ. ಬೆಳಕು ಬಿದ್ದದ್ದು ಆ ಕಣ್ಣಿಗೆ, ಆದರೆ ಈ ಕಣ್ಣಿನ ಪಾಪೆಯೂ ಕುಗ್ಗುತ್ತದೆ. ಬೆಳಕಿನ ಸುದ್ದಿ ಎರಡನೇ ನರದಲ್ಲಿ ಒಳಗೆ ಹೋಗುತ್ತದೆ. ‘ಕುಗ್ಗು’ ಎಂಬ ಅಪ್ಪಣೆ ಮೂರನೇ ನರದಲ್ಲಿ ಎರಡೂ ಕಣ್ಣಿಗೆ ಹೊರಬರುತ್ತದೆ. ಪ್ರಜ್ಞೆ ಇಲ್ಲದವರ ಕಣ್ಣಿಗೆ ವೈದ್ಯರು ಟಾರ್ಚ್ ಬಿಡುವುದು ಇದನ್ನು ನೋಡಲಿಕ್ಕೆ.

ಮೂರನೇ ನರದ ಒಳಗಿನ ಜೋಡಣೆಯೂ ಗಮನಿಸುವಂಥದ್ದು. ಪಾಪೆ ಕುಗ್ಗಿಸುವ ಎಳೆಗಳು ನರದ ಹೊರಮೈಯಲ್ಲಿವೆ. ರೆಪ್ಪೆ ಎತ್ತುವ, ಕಣ್ಣು ಹೊರಳಿಸುವ ಎಳೆಗಳು ಒಳಗಿವೆ. ಉಬ್ಬಿದ ರಕ್ತನಾಳವೊಂದು ಹೊರಗಿನಿಂದ ಒತ್ತಿದರೆ ಮೊದಲು ಏಟು ಬೀಳುವುದು ಹೊರಮೈಗೆ. ಪಾಪೆ ದೊಡ್ಡದಾಗುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ನರಕ್ಕೆ ರಕ್ತ ಕೊಡುವ ಸಣ್ಣ ನಾಳ ಕಟ್ಟಿಕೊಂಡರೆ ಸೊರಗುವುದು ತಿರುಳು. ರೆಪ್ಪೆ ಜೋತುಬೀಳುತ್ತದೆ, ಪಾಪೆ ಮಾತ್ರ ಸಾಮಾನ್ಯವಾಗಿ ಸರಿಯಿರುತ್ತದೆ. ರೆಪ್ಪೆ ಜೋತು ಪಾಪೆಯೂ ಹಿಗ್ಗಿದ್ದರೆ ರಕ್ತನಾಳ ಒಡೆಯುವ ಮೊದಲು ಅದನ್ನು ಹುಡುಕಲು ಓಡಬೇಕು. ತಲೆಗೆ ಪೆಟ್ಟು ಬಿದ್ದು ಒಳಗೆ ರಕ್ತ ತುಂಬಿಕೊಂಡಾಗಲೂ ಪಾಪೆ ಹಿಗ್ಗುವುದು ಇದೇ ಕಾರಣಕ್ಕೆ. ಮಿದುಳು ಸರಿದು ನರವನ್ನು ಅದುಮುತ್ತದೆ.

ಕಣ್ಣು ಹೊರಳಿಸಲು ಇನ್ನೆರಡು ನರಗಳಿವೆ. ನಾಲ್ಕನೆಯದು ಹನ್ನೆರಡರಲ್ಲೇ ಸಣಕಲು. ಅದು ಕೆಟ್ಟರೆ ಮೆಟ್ಟಿಲಿಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತದೆ. ಆರನೆಯದು ಕಣ್ಣನ್ನು ಹೊರಕ್ಕೆ ತಿರುಗಿಸುತ್ತದೆ. ತಲೆಯೊಳಗೆ ಎಲ್ಲೇ ಒತ್ತಡ ಹೆಚ್ಚಿದರೂ ಅದು ಸೋಲಬಹುದು. ಹಾಗಾಗಿ ಗಡ್ಡೆ ಒಂದು ಕಡೆ ಇದ್ದು ಆರನೇ ನರ ಇನ್ನೆಲ್ಲೋ ಬೆರಳು ತೋರಿಸಿದ ಉದಾಹರಣೆಗಳಿವೆ.

ಮೊದಲನೆಯದು ವಾಸನೆಯ ನರ. ಮೂಗಿನ ಮೇಲ್ಛಾವಣಿಯ ಮೂಳೆ ಜರಡಿಯಂತೆ ತೂತುತೂತಾಗಿದೆ. ಆ ತೂತುಗಳಲ್ಲಿ ಕೂದಲಿಗಿಂತ ನವುರಾದ ಎಳೆಗಳು ಮೇಲಕ್ಕೆ ಹೋಗುತ್ತವೆ. ಹಿಂದಕ್ಕೆ ಬಿದ್ದು ತಲೆಗೆ ಪೆಟ್ಟಾದಾಗ ಮಿದುಳು ಒಮ್ಮೆ ಜರುಗಿದರೆ ಎಳೆಗಳು ಕತ್ತರಿಸಿಹೋಗಬಹುದು. ಏಟು ಬಿದ್ದದ್ದು ಹಿಂದಲೆಗೆ, ಹೋದದ್ದು ವಾಸನೆ!

ಐದನೆಯದು ಮುಖದ ಸ್ಪರ್ಶ, ನೋವು ಎಲ್ಲಕ್ಕೂ ಸೇರಿದ್ದು. ಹಲ್ಲಿನ ಡಾಕ್ಟರು ಮರಗಟ್ಟಿಸುವುದು ಇದರ ಕವಲುಗಳನ್ನೇ. ನರ ಮಿದುಳುಕಾಂಡ ಸೇರುವ ಕಡೆ ರಕ್ತನಾಳವೊಂದು ತಗುಲಿಕೊಂಡು ಬಡಿಯುತ್ತಿದ್ದರೆ ಕೆಲವರಿಗೆ ಕೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವು ಬರುತ್ತದೆ. ತಂಗಾಳಿ ಸೋಕಿದರೂ ಸಾಕು, ಬ್ರಷ್ ತಾಗಿದರೂ ಸಾಕು. ಹಲ್ಲುನೋವೆಂದೇ ತಿಳಿದು ಒಂದಾದ ಮೇಲೊಂದು ಒಳ್ಳೆಯ ಹಲ್ಲನ್ನೇ ಕೀಳಿಸಿಕೊಂಡವರಿದ್ದಾರೆ. ಇದಕ್ಕೆ ಕೆಲಸ ಮಾಡುವುದು ಮಾಮೂಲಿ ನೋವಿನ ಮಾತ್ರೆ ಅಲ್ಲ, ಮೂರ್ಛೆರೋಗಕ್ಕೆ ಕೊಡುವ ಕಾರ್ಬಮೆಜಪೀನ್.

ಎಂಟು ಕೇಳಲಿಕ್ಕೆ, ಆಯ ತಪ್ಪದಿರಲಿಕ್ಕೆ. ಒಂಬತ್ತು ಗಂಟಲಿಗೆ. ಹನ್ನೆರಡು ನಾಲಗೆಗೆ. ಅದು ಸೋತರೆ ಹೊರಚಾಚಿದ ನಾಲಗೆ ಸೋತ ಕಡೆಗೇ ವಾಲುತ್ತದೆ, ಯಾಕೆಂದರೆ ಗಟ್ಟಿಯಿರುವ ಬದಿ ಅದನ್ನು ಆಚೆ ತಳ್ಳುತ್ತದೆ. ಹನ್ನೊಂದರ ನಡೆ ಮಾತ್ರ ವಿಚಿತ್ರ. ಕತ್ತಿನಲ್ಲಿ ಹುಟ್ಟಿ, ತಲೆಬುರುಡೆಯೊಳಗೆ ಹೋಗಿ, ಬೇರೊಂದು ತೂತಿನಿಂದ ಮತ್ತೆ ಕತ್ತಿಗೇ ಇಳಿಯುತ್ತದೆ. ಅಲ್ಲಿ ಚರ್ಮದ ಕೆಳಗೇ ಹಾದುಹೋಗುವುದರಿಂದ ಕತ್ತಿನ ಸಣ್ಣ ಗಂಟು ತೆಗೆಯುವಾಗಲೂ ಅದಕ್ಕೆ ಕತ್ತರಿ ತಾಗಬಹುದು. ಆಮೇಲೆ ಭುಜ ಇಳಿಬೀಳುತ್ತದೆ.

ಇನ್ನು ಹತ್ತನೆಯದು, ವೇಗಸ್. ಲ್ಯಾಟಿನ್ನಿನಲ್ಲಿ ಆ ಹೆಸರಿಗೆ ಅಲೆಮಾರಿ ಎಂದರ್ಥ. ತಲೆಯಿಂದ ಹೊರಟು ಗಂಟಲು, ಹೃದಯ, ಶ್ವಾಸಕೋಶ, ಹೊಟ್ಟೆ ಎಲ್ಲ ಸುತ್ತಿ ಕರುಳಿನವರೆಗೂ ಹೋಗುತ್ತದೆ. ರಕ್ತ ನೋಡಿ ಕೆಲವರು ತಲೆಸುತ್ತಿ ಬೀಳುವುದರಲ್ಲಿ ಇದರ ಪಾಲಿದೆ. ಹೃದಯದ ಬಡಿತ ಇದ್ದಕ್ಕಿದ್ದಂತೆ ಇಳಿಯುತ್ತದೆ. ಇದರದೇ ಒಂದು ಕವಲು ಕಿವಿಯ ತೂತಿನ ಚರ್ಮಕ್ಕೂ ಬಂದಿದೆ. ಕಿವಿಗೆ ಕಡ್ಡಿ ಹಾಕಿದರೆ ಕೆಲವರಿಗೆ ಕೆಮ್ಮು ಬರುವುದು ಅದರಿಂದಲೇ. (ಕಡ್ಡಿ ಹಾಕಬೇಡಿ, ಅದು ಬೇರೆ ವಿಷಯ.)

ಧ್ವನಿಪೆಟ್ಟಿಗೆಗೆ ಹೋಗುವ ಇದರ ಎಡಗಡೆಯ ಕವಲಿನ ದಾರಿ ಇನ್ನೂ ಸುತ್ತು. ಕುತ್ತಿಗೆಯಲ್ಲೇ ನೇರ ತಲುಪಬಹುದಾಗಿತ್ತು. ಆದರೆ ಅದು ವೇಗಸ್‌ನೊಂದಿಗೆ ಎದೆಗೆ ಇಳಿಯುತ್ತದೆ, ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವಾದ ಮಹಾಪಧಮನಿಯ ಕಮಾನಿನ ಕೆಳಗೆ ನುಸುಳಿ ಮತ್ತೆ ಕುತ್ತಿಗೆಗೆ ಹತ್ತುತ್ತದೆ. ಜಿರಾಫೆಯಲ್ಲೂ ಇದೇ ಸುತ್ತು, ಹಲವು ಮೀಟರ್ ಉದ್ದಕ್ಕೆ. ನಮ್ಮ ಮೀನಿನಂಥ ಪೂರ್ವಜರಿಗೆ ಕುತ್ತಿಗೆ ಇರಲಿಲ್ಲ, ಹೃದಯ ತಲೆಯ ಪಕ್ಕದಲ್ಲೇ ಇತ್ತು. ಆಗ ಅದೇ ನೇರ ದಾರಿ. ಕುತ್ತಿಗೆ ಉದ್ದವಾದ ಹಾಗೆ ಹೃದಯ ಕೆಳಗಿಳಿಯಿತು, ಕಮಾನಿಗೆ ಸಿಕ್ಕಿಕೊಂಡಿದ್ದ ನರವೂ ಅದರ ಜೊತೆ ಎಳೆದುಕೊಂಡು ಹೋಯಿತು.

ಅದಕ್ಕೇ, ವಾರಗಟ್ಟಲೆ ದನಿ ಒಡೆದು ಗೊಗ್ಗರಾಗಿದೆ ಅಂತ ಹೋದವರ ಗಂಟಲಿಗೆ ಕ್ಯಾಮೆರಾ ಇಳಿಸಿ ನೋಡಿದಾಗ ಎಡಗಡೆಯ ಧ್ವನಿತಂತು ಅಲುಗಾಡದೆ ನಿಂತಿದ್ದರೆ, ವೈದ್ಯರು ಮುಂದೆ ಬರೆದುಕೊಡುವುದು ಎದೆಯ ಸ್ಕ್ಯಾನ್.