ನುವಾರ್ ಚಿತ್ರಗಳ ಆರ್ಕೆಸ್ಟ್ರಾ ಯಾರ ಪರ?

ಕ್ರೈಮ್ ಥ್ರಿಲ್ಲರ್ ಮಾಡುವ ಹೊಸ ನಿರ್ದೇಶಕರು ಆರ್‌ಆರ್‌ಗೆ ಕೂತಾಗ ಕೇಳುವುದು ಹೆಚ್ಚುಕಮ್ಮಿ ಒಂದೇ: ‘ಸರ್, ಇಲ್ಲೊಂದು ನುವಾರ್ ಫೀಲ್ ಕೊಡಿ.’ (ಆರ್‌ಆರ್ ಅಂದರೆ ರೀ-ರೆಕಾರ್ಡಿಂಗ್. ಹಿನ್ನೆಲೆ ಸಂಗೀತ ಕೂರಿಸುವ ಕೆಲಸಕ್ಕೆ ನಮ್ಮ ಕಡೆ ಚಿತ್ರರಂಗದಲ್ಲಿರುವ ಹೆಸರು. ನುವಾರ್ ಅಂದರೆ ಅಪರಾಧ, ಮೋಸ, ಕತ್ತಲೆಯ ಸುತ್ತ ನಡೆಯುವ ಹಳೆಯ ಹಾಲಿವುಡ್ ಚಿತ್ರಗಳ ಶೈಲಿ.) ಜೊತೆಗೆ ಕಳಿಸುವ ರೆಫರೆನ್ಸ್‌ನಲ್ಲಿ ಮಳೆ, ಬೀದಿ ದೀಪ, ಒಂಟಿ ಸ್ಯಾಕ್ಸೊಫೋನ್ ಇದ್ದೇ ಇರುತ್ತವೆ. ನಾನು ಬೇಡ ಅನ್ನುವುದಿಲ್ಲ. ಆದರೆ 1940ರ ದಶಕದ ಅಸಲಿ ನುವಾರ್ ಚಿತ್ರಗಳನ್ನು ಹಾಕಿ ಕೇಳಿಸಿದರೆ ಅವರಿಗೆ ಆಶ್ಚರ್ಯವಾಗುತ್ತದೆ. ಜಾಜ್ ಇದೆ, ಇಲ್ಲ ಅಂತಲ್ಲ. ಆದರೆ ಅದು ಬಹುಪಾಲು ಕ್ಲಬ್ಬಿನ ದೃಶ್ಯಗಳಲ್ಲಿ, ಪಾತ್ರಗಳ ಕಿವಿಗೂ ಬೀಳುವ ಸಂಗೀತ. ಹಿನ್ನೆಲೆಯಲ್ಲಿ ನುಡಿಯುವುದು ದೊಡ್ಡ ಸಿಂಫನಿ ಆರ್ಕೆಸ್ಟ್ರಾ. ಒಂಟಿ ಸ್ಯಾಕ್ಸೊಫೋನು ಹೆಚ್ಚಾಗಿ ಆಮೇಲೆ ಬಂದು ಅಂಟಿಕೊಂಡದ್ದು.

ಯಾಕೆ ಆರ್ಕೆಸ್ಟ್ರಾ? ನುವಾರ್ ಚಿತ್ರಗಳ ಮಾತು ಒಣ ಮಾತು. ಗಂಡಸು ಜೋಕ್ ಹೊಡೆಯುತ್ತಾನೆ, ಹೆಂಗಸು ಸುಳ್ಳು ಹೇಳುತ್ತಾಳೆ, ಮನಸ್ಸು ಬಿಚ್ಚುವವರು ಒಬ್ಬರೂ ಇಲ್ಲ. ಭಯ ಆಗಿದೆ ಅಂತಲೂ ಹೇಳುವುದಿಲ್ಲ, ತಪ್ಪು ಮಾಡಿದೆ ಅಂತಲೂ ಹೇಳುವುದಿಲ್ಲ. ಆ ಕೆಲಸವೆಲ್ಲ ವಾದ್ಯಗಳ ಪಾಲಿಗೆ ಬರುತ್ತದೆ. ಪಾತ್ರ ಒಪ್ಪಿಕೊಳ್ಳದ್ದನ್ನು ಆರ್ಕೆಸ್ಟ್ರಾ ಒಪ್ಪಿಕೊಂಡುಬಿಡುತ್ತದೆ.

ಬಿಲ್ಲಿ ವೈಲ್ಡರ್ ಅವರ ‘ಡಬಲ್ ಇಂಡೆಮ್ನಿಟಿ’ (1944) ನೋಡಿ. ಇನ್ಶೂರೆನ್ಸ್ ಏಜೆಂಟ್ ವಾಲ್ಟರ್ ನೆಫ್, ಮೈಯಲ್ಲಿ ಗುಂಡು ಹೊಕ್ಕಿರುವಾಗ, ರಾತ್ರಿ ಆಫೀಸಿಗೆ ಬಂದು ತಾನು ಮಾಡಿದ ಕೊಲೆಯನ್ನು ಮಾತು ಮುದ್ರಿಸಿಕೊಳ್ಳುವ ಯಂತ್ರ ಡಿಕ್ಟಾಫೋನ್‌ಗೆ ಹೇಳುತ್ತಾ ಹೋಗುತ್ತಾನೆ. ದನಿ ಕ್ಲೇಮ್ ಫೈಲ್ ಓದುವ ಹಾಗಿದೆ. ಆದರೆ ಅದಕ್ಕೂ ಮೊದಲು, ಟೈಟಲ್ ಕಾರ್ಡ್‌ಗಳು ಓಡುವಾಗಲೇ, ಊರುಗೋಲು ಹಿಡಿದ ಒಬ್ಬನ ಕಪ್ಪು ಆಕೃತಿ ನಮ್ಮ ಕಡೆಗೆ ನಡೆದು ಬಂದಿರುತ್ತದೆ. ಕೆಳಗೆ ನಿಧಾನದ, ಭಾರದ ಸಾವಿನ ಮಾರ್ಚ್. ಕಥೆ ಇನ್ನೂ ಶುರುವೇ ಆಗಿಲ್ಲ, ಸಂಗೀತ ಆಗಲೇ ಹೆಣ ಎತ್ತಿದೆ. ಆಮೇಲೆ ನೆಫ್ ಎಷ್ಟೇ ಚುರುಕಾಗಿ ಮಾತಾಡಲಿ, ಎಷ್ಟೇ ಪಕ್ಕಾ ಪ್ಲಾನ್ ಹಾಕಲಿ, ನಮಗೆ ನಂಬಿಕೆ ಬರುವುದಿಲ್ಲ.

ಈ ಸಂಗೀತ ಬರೆದವರು ಮಿಕ್ಲೋಶ್ ರೋಝಾ. 1907ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಲೈಪ್‌ಜಿಗ್‌ನಲ್ಲಿ ಕಲಿತವರು. ಕೊಲೆಗೆ ಹೊಂಚು ಹಾಕುವ ಜೋಡಿಗೆ ತಂತಿವಾದ್ಯಗಳ ಒಂದು ಚಡಪಡಿಕೆ ಬೇಕು, ಶೂಬರ್ಟ್‌ನ ‘ಅನ್‌ಫಿನಿಶ್ಡ್’ ಸಿಂಫನಿಯ ಆರಂಭದಲ್ಲಿ ಇರುವಂಥದ್ದು ಅಂತ ಕೇಳಿದ್ದು ವೈಲ್ಡರ್ ಅವರೇ. ಮಜಾ ಏನೆಂದರೆ, ಅದೇ ಸಿಂಫನಿ ಚಿತ್ರದೊಳಗೂ ಬರುತ್ತದೆ. ಕೊಲೆಯಾದವನ ಮಗಳ ಜೊತೆ ನೆಫ್ ಬಯಲು ಕಛೇರಿಯ ತಾಣ ಹಾಲಿವುಡ್ ಬೌಲ್‌ನ ಮೇಲಿನ ಗುಡ್ಡದಲ್ಲಿ ಕೂತಿರುವಾಗ ಕೆಳಗಿನಿಂದ ಕೇಳಿಸುವುದು ಅದೇ.

ಸ್ಟುಡಿಯೊದ ಸಂಗೀತ ವಿಭಾಗದ ಮುಖ್ಯಸ್ಥರಿಗೆ ಇದು ಹಿಡಿಸಲಿಲ್ಲ. ಪಿಟೀಲು ಜಿ ಶಾರ್ಪ್ ಹಿಡಿದಿರುವಾಗ ವಯೋಲಾ ಯಾಕೆ ಜಿ ಹಿಡಿದಿದೆ ಅಂತ ತಕರಾರು ತೆಗೆದರು. ಇದೆಲ್ಲ ಶಾಸ್ತ್ರೀಯ ಕಛೇರಿ ನಡೆಯುವ ಕಾರ್ನೆಗಿ ಹಾಲ್‌ಗೆ ಸರಿ, ಸಿನಿಮಾಗೆ ಅಲ್ಲ ಅಂದರು. ರೋಝಾ ಅದನ್ನು ಹೊಗಳಿಕೆ ಅಂತ ತೆಗೆದುಕೊಂಡು ಥ್ಯಾಂಕ್ಸ್ ಹೇಳಿದರಂತೆ. ಸದ್ಯ, ನಿರ್ಮಾಣದ ಮೇಲಿನವರಿಗೆ ಸಂಗೀತ ಇಷ್ಟವಾಯಿತು, ಉಳಿಯಿತು.

ಆ ಜಿ ಮತ್ತು ಜಿ ಶಾರ್ಪ್ ಜಗಳವನ್ನು ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಆಧಾರ ಸ್ವರವಾದ ಷಡ್ಜವನ್ನೂ (ಸಾ) ಅದರ ಪಕ್ಕದ ಶುದ್ಧ ರಿಷಭವನ್ನೂ (ರಿ) ಒಟ್ಟಿಗೆ ಹಿಡಿದು ನಿಲ್ಲಿಸಿದ ಹಾಗೆ. ತಂಬೂರಿ ಸಾ ನುಡಿಯುತ್ತಿರುವಾಗ ಮಾಯಾಮಾಳವಗೌಳದ ರಿಷಭದ ಮೇಲೆ ನಿಂತರೆ ಒಂದು ಎಳೆತ ಹುಟ್ಟುತ್ತೆ, ಅಲ್ವಾ? ಹಾಡುವವರು ಸ್ವಲ್ಪ ಹೊತ್ತಿಗೆ ಸಾಗೆ ಇಳಿದು ಅದನ್ನು ಬಿಡಿಸುತ್ತಾರೆ. ಕೇಳುವವರು ಉಸಿರು ಬಿಡುತ್ತಾರೆ. ರೋಝಾ ಬಿಡಿಸುವುದಿಲ್ಲ. ಒಂದು ಗುಂಪು ಇಲ್ಲಿ, ಇನ್ನೊಂದು ಗುಂಪು ಅರ್ಧ ಮೆಟ್ಟಿಲು ಮೇಲೆ. ಎರಡೂ ಬಿಲ್ಲು ಎಳೆಯುತ್ತಲೇ ಇರುತ್ತವೆ. ಅಷ್ಟು ಹತ್ತಿರದ ಎರಡು ಸ್ವರಗಳು ಒಂದಕ್ಕೊಂದು ಉಜ್ಜಿ ಗರಗರ ಅನ್ನುತ್ತವೆ. ತೆರೆಯ ಮೇಲೆ ಇಬ್ಬರು ತಣ್ಣಗೆ ಮಾತಾಡುತ್ತಿದ್ದರೂ ನಮ್ಮ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುವುದು ಅದರಿಂದ.

ಅದೇ ವರ್ಷದ ‘ಲಾರಾ’ದಲ್ಲಿ ಕೆಲಸ ಪೂರ್ತಿ ಬೇರೆ. ಅಲ್ಲಿ ಅಪಸ್ವರ ಅಲ್ಲ, ಅಲೆದಾಟ. ನಿರ್ದೇಶಕ ಆಟೊ ಪ್ರೆಮಿಂಜರ್ ಅವರಿಗೆ ಡ್ಯೂಕ್ ಎಲಿಂಗ್ಟನ್‌ನ ಜನಪ್ರಿಯ ಟ್ಯೂನ್ ಒಂದನ್ನು ಬಳಸುವ ಆಸೆ. ಸಂಗೀತ ನಿರ್ದೇಶಕ ಡೇವಿಡ್ ರಾಕ್ಸಿನ್ ಒಪ್ಪಲಿಲ್ಲ. ಹಾಗಾದರೆ ಸೋಮವಾರದ ಹೊತ್ತಿಗೆ ನೀನೇ ಬೇರೆ ತಾ ಅಂದರು ಪ್ರೆಮಿಂಜರ್. ವಾರಾಂತ್ಯದಲ್ಲಿ ಹುಟ್ಟಿದ ಆ ರಾಗವೇ ಆಮೇಲೆ ಲೋಕಪ್ರಸಿದ್ಧವಾಯಿತು. ಇದರ ಗುಟ್ಟು ಷಡ್ಜದಲ್ಲಿದೆ. ಮೊದಲ ಸಾಲು ಮುಗಿಯುವಾಗ ಸಾ ಇಲ್ಲಿದೆ ಅನ್ನಿಸುತ್ತದೆ. ಎರಡನೇ ಸಾಲಿಗೆ ಅದು ಒಂದು ಪೂರ್ತಿ ಮೆಟ್ಟಿಲು ಕೆಳಗಿಳಿದಿರುತ್ತದೆ. ಕೊನೆಗೆ ರಾಗ ಮನೆ ಸೇರುವುದು ಇವೆರಡೂ ಅಲ್ಲದ ಜಾಗದಲ್ಲಿ.

ಚಿತ್ರದ ನಡುವೆ ಪತ್ತೇದಾರ ಒಬ್ಬನೇ ಲಾರಾಳ ಮನೆಯಲ್ಲಿ ಅಲೆದಾಡುವ ದೃಶ್ಯವಿದೆ. ಅವಳು ಸತ್ತಿದ್ದಾಳೆ ಅಂತ ಅವನು ತಿಳಿದಿದ್ದಾನೆ. ಪತ್ರ ತಿರುವಿ ಹಾಕುತ್ತಾನೆ, ಸೆಂಟಿನ ಬಾಟಲಿ ಮೂಸುತ್ತಾನೆ, ಬೀರು ತೆರೆಯುತ್ತಾನೆ, ಡ್ರಿಂಕ್ ಸುರಿದುಕೊಳ್ಳುತ್ತಾನೆ, ಗೋಡೆಯ ಮೇಲಿನ ಅವಳ ಚಿತ್ರ ನೋಡುತ್ತಾನೆ. ನಡುವೆ ಒಬ್ಬರು ಬಂದು ಹೋಗುವುದು ಬಿಟ್ಟರೆ ಮಾತೇ ಇಲ್ಲ. ಸಂಗೀತ ತೆಗೆದು ನೋಡಿ: ಒಬ್ಬ ಪೊಲೀಸಿನವನು ಮನೆ ತಪಾಸಣೆ ಮಾಡುತ್ತಿದ್ದಾನೆ, ಅಷ್ಟೇ. ಸಂಗೀತ ಇದ್ದರೆ, ಸತ್ತವಳ ಮೇಲೆ ಅವನಿಗೆ ಮನಸ್ಸಾಗಿದೆ. ಸ್ಟುಡಿಯೊ ದೊರೆ ಝಾನುಕ್ ಈ ದೃಶ್ಯಕ್ಕೆ ಕತ್ತರಿ ಹಾಕಲು ಹೊರಟಿದ್ದರು, ಸಂಗೀತ ಬಂದ ಮೇಲೆ ಅರ್ಥವಾಗುತ್ತದೆ ಅಂತ ತಾನೇ ತಡೆದೆ ಎಂದು ರಾಕ್ಸಿನ್ ಮುಂದೆ ಹೇಳಿಕೊಂಡಿದ್ದಾರೆ. ಅಲ್ಲೊಂದು ವಿಚಿತ್ರ ಪಿಯಾನೊ ನಾದವೂ ಇದೆ. ಸುತ್ತಿಗೆ ತಂತಿಗೆ ಬಡಿಯುವ ಮೊದಲ ಏಟು ಬೀಳದಂತೆ ರೆಕಾರ್ಡ್ ಮಾಡಿ, ಆಮೇಲೆ ಉಳಿಯುವ ಗುಂಯ್ ಅನ್ನುವ ನಾದವನ್ನಷ್ಟೇ ಇಟ್ಟುಕೊಂಡಿದ್ದಾರೆ. ಇವತ್ತು ಲ್ಯಾಪ್‌ಟಾಪ್‌ನಲ್ಲಿ ಒಂದು ಫೇಡ್ ಎಳೆದರೆ ಮುಗಿಯಿತು. ಆಗ ತಲೆ ಓಡಿಸಬೇಕಿತ್ತು.

ಈ ಸಂಗೀತಗಾರರಲ್ಲಿ ಎಷ್ಟೋ ಜನ ಯುರೋಪಿನಿಂದ ಬಂದವರು. ಮ್ಯಾಕ್ಸ್ ಸ್ಟೈನರ್ ವಿಯೆನ್ನಾದವರು. ‘ಸನ್‌ಸೆಟ್ ಬುಲೆವಾರ್ಡ್’ಗೆ ಆಸ್ಕರ್ ಪಡೆದ ಫ್ರಾಂಝ್ ವ್ಯಾಕ್ಸ್‌ಮನ್, 1934ರಲ್ಲಿ ಬರ್ಲಿನ್ ಬೀದಿಯಲ್ಲಿ ನಾಝಿ ಪುಂಡರಿಂದ ಏಟು ತಿಂದು ದೇಶ ಬಿಟ್ಟವರು. ಅವರ ಸಂಗೀತದ ಕತ್ತಲೆಯೆಲ್ಲ ಅಲ್ಲಿಂದಲೇ ಬಂತು ಅಂತ ಸುಮ್ನೆ ಗಂಟು ಹಾಕುವುದು ನನಗೆ ಸರಿ ಕಾಣುವುದಿಲ್ಲ. ಅವರು ಜೊತೆಗೆ ತಂದದ್ದು ಮುಖ್ಯವಾಗಿ ಒಳ್ಳೆಯ ಪಾಠ.

ನಮ್ಮವರು ಇವರಿಂದ ಕಲಿಯಬೇಕಾದ ಇನ್ನೊಂದು ವಿಷಯ, ಎಲ್ಲಿ ಸುಮ್ಮನಿರಬೇಕು ಅನ್ನುವುದು. ನಮ್ಮ ಥ್ರಿಲ್ಲರ್‌ಗಳಲ್ಲಿ ಮೊದಲ ಫ್ರೇಮಿನಿಂದ ಕೊನೆಯವರೆಗೂ ಬಿಜಿಎಂ ಹೊಡೆಯುತ್ತಲೇ ಇರುತ್ತದೆ. ನಿಲ್ಲಿಸಿದರೆ ‘ಲ್ಯಾಗ್ ಆಗುತ್ತೆ ಸರ್’ ಅನ್ನುತ್ತಾರೆ. ಜಾನ್ ಹ್ಯೂಸ್ಟನ್ ಅವರ ‘ದಿ ಆಸ್ಫಾಲ್ಟ್ ಜಂಗಲ್’ (1950) ಸುಮಾರು ಎರಡು ಗಂಟೆಯ ಚಿತ್ರ. ಸಂಗೀತ ರೋಝಾ ಅವರದ್ದೇ. ಆದರೆ ಅದು ಇರುವುದು ಶುರುವಿನಲ್ಲಿ ಮತ್ತು ಕೊನೆಯಲ್ಲಿ ಮಾತ್ರ, ಕೆಲವೇ ನಿಮಿಷ. ತಿಜೋರಿ ಒಡೆಯುವ ದೃಶ್ಯಕ್ಕೆ ಒಂದು ಸ್ವರವೂ ಇಲ್ಲ. ಬರೀ ಉಸಿರು, ಉಪಕರಣಗಳ ಸದ್ದು. ಗುಂಡೇಟು ತಿಂದ, ಕಳ್ಳರ ಗುಂಪಿನ ಡಿಕ್ಸ್ ತನ್ನೂರು ಕೆಂಟಕಿಯ ಕಡೆ ಕಾರು ಓಡಿಸುವ ಕೊನೆಯಲ್ಲಿ ಆರ್ಕೆಸ್ಟ್ರಾ ಮತ್ತೆ ಬರುತ್ತದೆ. ಅಷ್ಟು ಹೊತ್ತು ತಡೆದಿಟ್ಟದ್ದಕ್ಕೇ ಅಲ್ಲಿ ಅದಕ್ಕೆ ಅಷ್ಟು ಬಲ.

ಸ್ಯಾಂಪಲ್ ಲೈಬ್ರರಿಗಳಿಂದ (ಮೊದಲೇ ರೆಕಾರ್ಡ್ ಮಾಡಿಟ್ಟ ವಾದ್ಯಗಳ ನಾದದ ಸಂಗ್ರಹ) ಇದು ಸಾಧ್ಯವೇ ಅಂತ ಕೇಳುತ್ತಾರೆ. ನಾನೂ ದಿನಾ ಅವುಗಳಲ್ಲೇ ಕೆಲಸ ಮಾಡುವವನು, ಬೈಯಲಾರೆ. ಬಜೆಟ್ ಇಲ್ಲದಾಗ ಸ್ಯಾಂಪಲ್ ಮೇಲೆ ಇಬ್ಬರು ಪಿಟೀಲಿನವರನ್ನು ಲೈವ್ ಕೂರಿಸಿದರೂ ಜಾಸ್ತಿ ವ್ಯತ್ಯಾಸವಾಗುತ್ತದೆ. ಆದರೆ ಯಾವ ವಾದ್ಯ, ಯಾರ ಕೈ ಅನ್ನುವ ಆಯ್ಕೆ ಲೈಬ್ರರಿಯಲ್ಲಿ ಸಿಗುವುದಿಲ್ಲ. ಬರ್ನಾರ್ಡ್ ಹರ್ಮನ್ ‘ಆನ್ ಡೇಂಜರಸ್ ಗ್ರೌಂಡ್’ (1951) ಚಿತ್ರದಲ್ಲಿ ಹಿಮದ ಮೇಲಿನ ಬೇಟೆಗೆ ಹಾರ್ನ್‌ಗಳನ್ನು ಗುಂಪಾಗಿ ಬಿಟ್ಟು, ಕಣ್ಣು ಕಾಣದ ಮೇರಿಯ ಪಾತ್ರಕ್ಕೆ ವಿಯೋಲಾ ಡಮೋರ್ ಆರಿಸಿಕೊಂಡರು. ಬಿಲ್ಲು ತಾಗುವ ತಂತಿಗಳ ಕೆಳಗೆ, ತಾವಾಗಿಯೇ ಮಿಡಿಯುವ ಇನ್ನೊಂದು ಸಾಲು ತಂತಿ ಇರುವ ಹಳೆಯ ವಾದ್ಯ ಅದು. ನಮ್ಮ ಸಿತಾರಿನ ತರಫ್ ತಂತಿಗಳಂತೆಯೇ. ನುಡಿಸಿದವರು ವರ್ಜೀನಿಯಾ ಮಜೆವ್‌ಸ್ಕಿ. ಆರ್ಕೆಸ್ಟ್ರಾದವರ ಹೆಸರು ತೆರೆಯ ಮೇಲೆ ಬರುವ ರೂಢಿಯೇ ಇರದ ಆ ಕಾಲದಲ್ಲಿ, ಚಿತ್ರದ ಟೈಟಲ್‌ನಲ್ಲಿ ಅವರ ಹೆಸರಿದೆ.