ಮೆಟ್ಟಿಲ ದೀಪವೂ ರೇಡ್ ಕಾರ್ಡೂ

"ಮಕ್ಕಳ ಫೋಟೊಗಳೆಲ್ಲ ಭದ್ರವಾಗಿರಬೇಕು, ಮನೆಯ ಕಂಪ್ಯೂಟರಿಗೆ ಯಾವ ರೇಡ್ ಕಾರ್ಡ್ ಹಾಕಿಸಲಿ?" ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಹಲವು ಡಿಸ್ಕುಗಳನ್ನು ಜೋಡಿಸಿ, ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ಈ ರೇಡ್ ಬ್ಯಾಕಪ್ ಅಲ್ಲ. ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಜೋಡಿ ಡಿಸ್ಕಿನಲ್ಲೂ ಅದು ಅದೇ ಗಳಿಗೆಗೆ ಅಳಿಯುತ್ತದೆ. ರೇಡ್ ಕಾಯುವುದು ಡಿಸ್ಕ್ ಕೆಟ್ಟು ನಿಂತಾಗ ಮಾತ್ರ. ಆದರೆ ಅದು ಕಾಯುವ ರೀತಿ ಇದೆಯಲ್ಲ, ಅದರ ಚೆಲುವಿಗೆ ಇಂದಿಗೂ ಬೆರಗಾಗುತ್ತೇನೆ.

ಮಹಡಿ ಮನೆಯ ಮೆಟ್ಟಿಲ ದೀಪ ನೆನಪಿಸಿಕೊಳ್ಳಿ. ಕೆಳಗೊಂದು ಸ್ವಿಚ್, ಮೇಲೊಂದು. ಎರಡೂ ಒಂದೇ ಕಡೆಗಿದ್ದರೆ ದೀಪ ಆರಿರುತ್ತದೆ, ಬೇರೆ ಬೇರೆ ಕಡೆಗಿದ್ದರೆ ಉರಿಯುತ್ತದೆ ಎಂದಿಟ್ಟುಕೊಳ್ಳಿ. ಮೇಲೆ ನಿಂತವರು ತಮ್ಮ ಸ್ವಿಚ್ಚನ್ನೂ ದೀಪವನ್ನೂ ನೋಡಿದರೆ ಸಾಕು, ಕಾಣದ ಕೆಳಗಿನ ಸ್ವಿಚ್ ಎತ್ತ ಇದೆ ಎಂದು ಹೇಳಿಬಿಡಬಹುದು. ರೇಡ್ 5 ಎಂಬ ಬಗೆಯಲ್ಲಿ ಡಿಸ್ಕಿನ ಬಿಟ್‌ಗಳೇ (0 ಅಥವಾ 1) ಸ್ವಿಚ್ಚುಗಳು, ಒಂದುಗಳ ಎಣಿಕೆ ಸಮವೋ ಬೆಸವೋ ಎಂದು ಹೇಳುವ ಹೆಚ್ಚುವರಿ ಬಿಟ್ ಆದ ಪ್ಯಾರಿಟಿಯೇ ದೀಪ. ಮೂರು ಡಿಸ್ಕುಗಳಲ್ಲಿ 1, 0, 1 ಇದ್ದರೆ ಒಂದುಗಳ ಎಣಿಕೆ ಸಮ, ಪ್ಯಾರಿಟಿ 0. ನಡುವಿನದು ಸತ್ತಿತೆನ್ನಿ. ಉಳಿದದ್ದು 1, 1, ಪ್ಯಾರಿಟಿ 0. ಕಳೆದದ್ದು 0 ಆಗಿರಲೇಬೇಕು. ತಿಂಗಳ ಖರ್ಚಿನ ಚೀಟಿಯಲ್ಲಿ ಹಾಲಿನ ಲೆಕ್ಕ ಮಾಸಿದ್ದರೂ ಒಟ್ಟು ಮೊತ್ತದಿಂದ ಅದನ್ನು ಕಂಡುಹಿಡಿಯುತ್ತೇವಲ್ಲ, ಹಾಗೆ.

1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ರೇಡ್ ಎಂಬ ಹೆಸರಿಟ್ಟರು. ಐಬಿಎಂನ 7,500 ಎಂಬಿಯ ದೈತ್ಯ ಡಿಸ್ಕಿನ ಬದಲು ಪಿಸಿಯ 100 ಎಂಬಿ ಡಿಸ್ಕುಗಳನ್ನು ಸಾಲಾಗಿ ಜೋಡಿಸುವುದು ಅವರ ಯೋಚನೆ. ಆದರೆ ಸರಾಸರಿ 30,000 ಗಂಟೆ ಬಾಳುವ ಡಿಸ್ಕುಗಳನ್ನು ನೂರು ಸೇರಿಸಿದರೆ 300 ಗಂಟೆಗೊಂದು ಕೆಡುತ್ತದೆ, ಎರಡು ವಾರವೂ ಆಗದು! ಪ್ಯಾರಿಟಿ ಬೇಕಾದದ್ದು ಅದಕ್ಕೆ.

ಅಂದಿನ ಪ್ರೊಸೆಸರುಗಳಿಗೆ ಈ ಲೆಕ್ಕ ಹೊರೆ; ಅದಕ್ಕೆ ಡಿಸ್ಕುಗಳನ್ನು ಜೋಡಿಸುವ ರೇಡ್ ಕಾರ್ಡಿನ ಮೇಲೇ ಪುಟ್ಟ ಪ್ರೊಸೆಸರ್ ಕೂರಿಸಿದರು. ಇಂದು ಲಿನಕ್ಸ್ ಶುರುವಾಗುವಾಗಿನ ಸಂದೇಶಗಳನ್ನು ನೋಡಿ: ಪ್ಯಾರಿಟಿ ಲೆಕ್ಕದ ವೇಗ ಸೆಕೆಂಡಿಗೆ ಸಾವಿರಾರು ಎಂಬಿ ಎಂದಿರುತ್ತದೆ. ಹಾರ್ಡ್ ಡಿಸ್ಕ್ ಕೊಡುವುದು ಇನ್ನೂರು ಚಿಲ್ಲರೆ. ಕಾರ್ಡಿಗೆ ಉಳಿದ ನಿಜವಾದ ಹೆಚ್ಚುಗಾರಿಕೆ ಅದರ ಬ್ಯಾಟರಿ. ಡೇಟಾ ಬರೆದು ಪ್ಯಾರಿಟಿ ಬರೆಯುವಷ್ಟರಲ್ಲಿ ಕರೆಂಟು ಹೋದರೆ ಮೆಟ್ಟಿಲ ದೀಪ ಸುಳ್ಳು ಹೇಳತೊಡಗುತ್ತದೆ. ಬರೆಯಬೇಕಾದದ್ದನ್ನು ಕಾರ್ಡಿನ ಮೆಮೊರಿಯಲ್ಲಿ ಉಳಿಸಿಕೊಂಡು ಬ್ಯಾಟರಿ ಅದನ್ನು ತಡೆಯುತ್ತದೆ. ಹಳೆಯದರ ಮೇಲೆ ಹೊಸದನ್ನು ಬರೆಯದ ಜೆಡ್‌ಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೆ ಆ ತೊಂದರೆಯೇ ಇಲ್ಲ.

ನನ್ನ ಹಳೆಯ ಕಾರ್ಡ್ ಕೆಟ್ಟಾಗ ನಾಲ್ಕೂ ಡಿಸ್ಕುಗಳು ಗಟ್ಟಿಮುಟ್ಟಾಗಿದ್ದವು. ಬೇರೆ ಕಂಪನಿಯ ಕಾರ್ಡಿಗೆ ಮಾತ್ರ ಅವು ಖಾಲಿಯಾಗಿ ಕಂಡವು. ಜೋಡಣೆಯ ಗುಟ್ಟು ಹಳೆಯ ಕಾರ್ಡಿಗಷ್ಟೇ ಗೊತ್ತಿತ್ತು. ಲಿನಕ್ಸಿನ ಎಂಡಿಎಡಿಎಂ ಎಂಬ ರೇಡ್ ತಂತ್ರಾಂಶದಲ್ಲಿ ಕಟ್ಟಿದ ಡಿಸ್ಕುಗಳ ಸಾಲನ್ನಾದರೆ ಯಾವ ಲಿನಕ್ಸ್ ಯಂತ್ರಕ್ಕೆ ಸಿಕ್ಕಿಸಿದರೂ ಓದಿಕೊಳ್ಳುತ್ತದೆ.

ಹಾಗಾಗಿ ಮನೆಗೆ ಎರಡು ಡಿಸ್ಕಿನ ಮಿರರ್ (ಎರಡರಲ್ಲೂ ಒಂದೇ ಡೇಟಾ), ಡಿಸ್ಕ್ ಸಿಕ್ಕಿಸಲು ಮದರ್‌ಬೋರ್ಡಿನ ಸಾಟಾ ಪೋರ್ಟ್ ಸಾಕು. ಆರೆಂಟು ಡಿಸ್ಕ್ ಬೇಕೆನ್ನುವವರು ರೇಡ್ ಕಾರ್ಡ್ ಬಿಟ್ಟು ಎಚ್‌ಬಿಎ, ಅಂದರೆ ಡಿಸ್ಕುಗಳನ್ನು ಕಂಪ್ಯೂಟರಿಗೆ ಸಿಕ್ಕಿಸುವಷ್ಟೇ ಕೆಲಸದ ಕಾರ್ಡ್, ತೆಗೆದುಕೊಳ್ಳಲಿ. ಎಲ್‌ಎಸ್‌ಐ 9211-8ಐ ಕಾರ್ಡಿಗೆ ಐಟಿ ಎಂಬ ಬಗೆಯ ಫರ್ಮ್‌ವೇರ್ (ಕಾರ್ಡಿನೊಳಗಿನ ತಂತ್ರಾಂಶ) ಹಾಕಿದರೆ ಡಿಸ್ಕುಗಳನ್ನು ಇದ್ದ ಹಾಗೇ ಒಪ್ಪಿಸುತ್ತದೆ. ಸರ್ವರಿನ ಜೋರು ಗಾಳಿಗೆಂದು ಮಾಡಿದ್ದು ಅದು, ಮನೆಯ ಕ್ಯಾಬಿನೆಟ್ಟಿನಲ್ಲಿ ಮುಟ್ಟಿದರೆ ಚುರ್ ಎನ್ನುತ್ತದೆ. ಪಕ್ಕದಲ್ಲೊಂದು ಪುಟ್ಟ ಫ್ಯಾನ್ ಇರಲಿ. ಪ್ರತಿ ಡಿಸ್ಕಿನ ಅಂಚಿಗೆ ಟೇಪ್ ಅಂಟಿಸಿ ಸೀರಿಯಲ್ ಸಂಖ್ಯೆಯ ಕೊನೆಯ ನಾಲ್ಕು ಅಕ್ಷರ ಬರೆದಿಡಿ. ಒಂದು ಡಿಸ್ಕ್ ಸತ್ತ ದಿನ ಗಾಬರಿಯಲ್ಲಿ ಬದುಕಿದ್ದನ್ನೇ ಕಿತ್ತರೆ ಪ್ಯಾರಿಟಿಯಿಂದಲೂ ಏನೂ ಮಾಡಲಾಗದು.